ಹಿಸಾಬು ಪುಸ್ತಕದೊಳಗಿನ ಬೇತಾಳ

ಬೆಂಗಳೂರಿನಿಂದ ಮಾನ್ವಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಸಿಂಧನೂರು ದಾಟಿದ ಮೇಲೆ ನನಗೆ ನಿದ್ದೆ ಹತ್ತೋದಿಲ್ಲ. ಬಳ್ಳಾರಿ, ಸಿರುಗುಪ್ಪ ಎಲ್ಲ ನಿದ್ದೆಯಲ್ಲೇ ಕಳೆದುಹೋಗಿರುತ್ತವೆ. ಬೆಳಗಿನ ಜಾವ ಕಿಟಕಿ ಪರದೆ ಸರಿಸಿದರೆ ರಸ್ತೆಯ ಎರಡೂ ಬದಿ ಕಟಾವಿಗೆ ಬಂದ ಭತ್ತ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದದ್ದು. ರಾಯಚೂರು ಜಿಲ್ಲೆ ಅಂದರೆ ಬರೀ ಬಿಸಿಲು, ಬರೀ ಕಲ್ಲು ಅಂದುಕೊಂಡಿರುವ ನನ್ನ ಟೀಮಿನವರಿಗೆ ಈ ಫೋಟೋ ಕಳಿಸಿದರೆ, "ಇದು ಮಂಡ್ಯ ಅಲ್ವಾ?" ಅಂತಾರೆ. ಅಲ್ಲಪ್ಪ, ನಮ್ಮೂರು.

ಕಳೆದ ನವೆಂಬರಿನಲ್ಲಿ ಹೋಗಿದ್ದು ಹಬ್ಬಕ್ಕಲ್ಲ. ನಮ್ಮ ಹಳೇ ಮನೆ ಕೆಡವಿ ಹೊಸದು ಕಟ್ಟಿಸೋದು ಅಂತ ತೀರ್ಮಾನ ಆಗಿತ್ತು. ಅವ್ವ ಫೋನ್ ಮಾಡಿ, "ನಿಮ್ಮಜ್ಜನ ಟ್ರಂಕ್ ಅದ. ರದ್ದಿಗೆ ಹಾಕ್ಲೋ, ನೀ ಬಂದು ನೋಡ್ತೀಯೋ?" ಅಂತ ಕೇಳಿದಳು. ಶುಕ್ರವಾರ ರಾತ್ರಿನೇ ಹೊರಟೆ.

ನನ್ನ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಜೊತೆ ಒಂದು ಪುಸ್ತಕ ಇತ್ತು. ಅರ್ಸುಲಾ ಲೆ ಗ್ವಿನ್ ಬರೆದ 'ಎ ವಿಝರ್ಡ್ ಆಫ್ ಅರ್ಥ್‌ಸೀ'. 1968ರಲ್ಲಿ ಬಂದದ್ದು, ಬರೆದದ್ದು ಹದಿಹರೆಯದ ಮಕ್ಕಳಿಗೆ. ಅದರಲ್ಲೊಬ್ಬ ಮಂತ್ರ ಕಲಿಯೋ ಹುಡುಗ ಇದ್ದಾನೆ. ಸಹಪಾಠಿಗಳ ಮುಂದೆ ತಾನು ದೊಡ್ಡವನು ಅಂತ ತೋರಿಸಿಕೊಳ್ಳೋಕೆ ಹೋಗಿ ಒಂದು ಕತ್ತಲ ನೆರಳನ್ನು ಈ ಲೋಕಕ್ಕೆ ಬಿಟ್ಟುಕೊಂಡು, ಆಮೇಲೆ ಅದರಿಂದ ತಪ್ಪಿಸಿಕೊಳ್ಳುತ್ತಾ ದ್ವೀಪದಿಂದ ದ್ವೀಪಕ್ಕೆ ಓಡ್ತಾನೆ. ನನಗೆ ಮೂವತ್ತು ವರ್ಷ. ಹನ್ನೆರಡನೇ ವಯಸ್ಸಿನಲ್ಲಿ ಇದನ್ನ ಓದಿದ್ದರೆ ಇಷ್ಟು ತಟ್ಟುತ್ತಿರಲಿಲ್ಲ ಅನಿಸುತ್ತೆ. ಯಾಕೆ ಅನ್ನೋದು ಮುಂದೆ ಹೇಳ್ತೀನಿ.

ಮೊದಲು ಒಂದು ತಪ್ಪೊಪ್ಪಿಗೆ. ಮೆಟ್ರೋದಲ್ಲಿ ಈ ಪುಸ್ತಕ ಓದುವಾಗ ಮುಖಪುಟ ಯಾರಿಗೂ ಕಾಣದ ಹಾಗೆ ಲ್ಯಾಪ್‌ಟಾಪ್ ಬ್ಯಾಗಿಗೆ ಒತ್ತಿ ಹಿಡಿಯುತ್ತಿದ್ದೆ. ಡ್ರ್ಯಾಗನ್ ಚಿತ್ರ ಇರೋ ಪುಸ್ತಕ ಕೈಯಲ್ಲಿ, ಕೊರಳಲ್ಲಿ ಕಂಪನಿಯ ಐಡಿ ಕಾರ್ಡ್. ಒಂದು ದಿನ ಆಫೀಸಿನಲ್ಲಿ ಡೆಸ್ಕ್ ಮೇಲೆ ಮರೆತು ಬಿಟ್ಟಿದ್ದೆ. ಪಕ್ಕದವನು ನೋಡಿ, "ಯಾರಿಗೆ ಇದು?" ಅಂದ. "ಅಕ್ಕನ ಮಗಳಿಗೆ" ಅಂತ ಸುಳ್ಳು ಹೇಳಿದೆ. ಅವಳಿಗಿನ್ನೂ ಒಂಬತ್ತು ವರ್ಷ, ಆ ಪುಸ್ತಕದ ಮೊದಲ ಪುಟ ದಾಟುವುದೂ ಕಷ್ಟ.

ಈ ನಾಚಿಕೆ ನನಗೊಬ್ಬನಿಗೇ ಇರೋದಲ್ಲ. ಹ್ಯಾರಿ ಪಾಟರ್ ಮೊದಲ ಪುಸ್ತಕ ಇಂಗ್ಲೆಂಡಿನಲ್ಲಿ 1997ರಲ್ಲಿ ಬಂತು. ಮರುವರ್ಷವೇ ಪ್ರಕಾಶಕರು ಅದೇ ಪುಸ್ತಕಕ್ಕೆ ಇನ್ನೊಂದು ಮುಖಪುಟ ಮಾಡಿಸಿದರು, ದೊಡ್ಡವರಿಗಾಗಿ. ಬಣ್ಣ ಇಲ್ಲ, ಚಿತ್ರದ ಹುಡುಗ ಇಲ್ಲ, ಕಪ್ಪು-ಬಿಳುಪಿನಲ್ಲಿ ಗಂಭೀರವಾದ ಒಂದು ಉಗಿಬಂಡಿ. ಒಳಗಿನ ಕಥೆಯಲ್ಲಿ ಒಂದಕ್ಷರವೂ ಬದಲಿಲ್ಲ. ಸೂಟು ಹಾಕಿಕೊಂಡು ರೈಲಿನಲ್ಲಿ ಹೋಗೋರು ಮುಜುಗರ ಇಲ್ಲದೆ ಓದಲಿ ಅಂತ ಇಷ್ಟೆಲ್ಲ. ಇದನ್ನ ಓದಿ ನಗು ಬಂದಿತ್ತು. ನಮ್ಮ ಮನೆಯಲ್ಲೂ ಇಂಥದ್ದೇ ಒಂದು ಕೆಲಸ ನಡೆದಿತ್ತು ಅಂತ ಆಗ ನನಗೆ ಗೊತ್ತಿರಲಿಲ್ಲ.

ಮಾನ್ವಿಯಲ್ಲಿ ಇಳಿದಾಗ ಆರೂವರೆ. ನಮ್ಮೂರನ್ನು ಹೊರಗಿನವರು ನೆನಪಿಡುವುದು ಹೆಚ್ಚಾಗಿ ಜಗನ್ನಾಥದಾಸರಿಂದ. ಹರಿಕಥಾಮೃತಸಾರ ಬರೆದ ದಾಸರು ನೆಲೆಸಿದ್ದ ಊರು ಇದು, ಅವರ ಗುಡಿಗೆ ದೂರದಿಂದ ಜನ ಬರ್ತಾರೆ. ಉಳಿದಂತೆ ಅಕ್ಕಿ ಗಿರಣಿಗಳು, ಟ್ರ್ಯಾಕ್ಟರುಗಳು, ಧೂಳು, ಹಿಂದೆ ಗುಡ್ಡ. ಬಸ್ ನಿಲ್ದಾಣದ ಎದುರು ಒಗ್ಗರಣಿ-ಮಿರ್ಚಿ ತಿಂದೆ. ಮಂಡಾಳ ನೆನೆಸಿ ಹಿಂಡಿ, ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಪಕ್ಕದಲ್ಲಿ ಎರಡು ಮಿರ್ಚಿ ಭಜಿ ಇಡ್ತಾರಲ್ಲ, ಅದನ್ನ ಬೆಂಗಳೂರಿನಲ್ಲಿ ಎಷ್ಟು ಕಡೆ ಹುಡುಕಿದರೂ ಈ ರುಚಿ ಸಿಗಲಿಲ್ಲ. ಇದರ ಬಗ್ಗೆ ಬೇರೆ ಲೇಖನವೇ ಬರೀಬಹುದು, ಇರಲಿ.

ಟ್ರಂಕ್ ಪಡಸಾಲೆಯಲ್ಲಿತ್ತು. ಹಸಿರು ಬಣ್ಣ, ಮೂಲೆಗಳಲ್ಲಿ ತುಕ್ಕು. ಮೇಲ್ಗಡೆ ಅಜ್ಜನ ಧೋತರ, ಒಂದು ಕನ್ನಡಕದ ಡಬ್ಬಿ, ಅದರ ಕೆಳಗೆ ಸಾಲಾಗಿ ಜೋಡಿಸಿದ ಪುಸ್ತಕಗಳು. ಎಲ್ಲಕ್ಕೂ ಹಳೇ ಪೇಪರಿನ ರಟ್ಟು. ನಾವು ಶಾಲೆ ಪುಸ್ತಕಕ್ಕೆ ಹಾಕುತ್ತಿದ್ದೆವಲ್ಲ, ಹಾಗೆ ಅಚ್ಚುಕಟ್ಟಾಗಿ ಮಡಚಿ ಹಾಕಿದ್ದು. ಪೇಪರ್ ಮಾತ್ರ ಉರ್ದು. ಪ್ರತಿಯೊಂದರ ಮೇಲೂ ನೀಲಿ ಶಾಯಿಯಲ್ಲಿ ಉರ್ದುವಿನಲ್ಲೇ ಒಂದು ಪದ, ಒಂದು ಇಸವಿ.

ಅಜ್ಜ ಮಾನ್ವಿಯ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಶೇಂಗಾ, ಹತ್ತಿ, ತೂಕ, ದರ. ಹಳೇ ಲೆಕ್ಕದ ವಹಿ ಇರಬೇಕು ಅಂದುಕೊಂಡು ಒಂದನ್ನು ತೆಗೆದು ತೆರೆದೆ.

ಒಳಗೆ ಬೇತಾಳ.

ಹೆಗಲ ಮೇಲೆ ಹೆಣ ಹೊತ್ತು, ಇನ್ನೊಂದು ಕೈಯಲ್ಲಿ ಖಡ್ಗ ಹಿಡಿದು ಸ್ಮಶಾನದಲ್ಲಿ ನಡೆಯುತ್ತಿರುವ ರಾಜ. ನಿಮಗೂ ಆ ಚಿತ್ರ ಕಣ್ಣಿಗೆ ಕಟ್ಟಿರಬಹುದು. ಅದನ್ನ ಬರೆದವರು ಶಂಕರ್ ಅನ್ನೋ ಹೆಸರಿನ ಕಲಾವಿದರು, ಕೆ.ಸಿ. ಶಿವಶಂಕರನ್. 2020ರಲ್ಲಿ ತೀರಿಕೊಂಡರು. ಅಜ್ಜನ 'ಲೆಕ್ಕದ ವಹಿ' ಚಂದಮಾಮ ಆಗಿತ್ತು. ಇನ್ನೊಂದು ತೆಗೆದೆ, ಅದೂ ಚಂದಮಾಮ. ರಟ್ಟು ಹಾಕಿದ್ದು ಒಟ್ಟು 39. ತಳದಲ್ಲಿ ರಟ್ಟಿಲ್ಲದ ಹಳೆಯವು ಇನ್ನೂ ಒಂದು ರಾಶಿ.

ಉರ್ದು ನಮ್ಮ ಮನೆಯಲ್ಲಿ ಈಗ ಯಾರಿಗೂ ಓದಲು ಬರೋದಿಲ್ಲ. ಮೂಲೆಯ ಹೊಲಿಗೆ ಅಂಗಡಿಯ ಚಾಚಾ ಹತ್ತಿರ ಒಂದನ್ನು ಒಯ್ದೆ. ಕನ್ನಡಕ ಏರಿಸಿ ನೋಡಿ, "ಹಿಸಾಬ್ ಅಂತ ಬರ್ದಾರ. ಇದು ಇಸ್ವಿ, ಎರಡು ಸಾವಿರದ ಏಳು" ಅಂದರು. ಆಮೇಲೆ ಒಳಗೆ ತೆರೆದು ನೋಡಿ ಜೋರಾಗಿ ನಕ್ಕರು. ನಾನು ನಗಲಿಲ್ಲ. ಆ ಇಸವಿ ಕೇಳಿದ ಕೂಡಲೇ ನನಗೆಲ್ಲ ಅರ್ಥ ಆಗಿಬಿಟ್ಟಿತ್ತು.

2007ರ ದಸರಾ ರಜೆ. ನನಗೆ ಹನ್ನೆರಡು ವರ್ಷ, ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಕ್ಲಾಸಿನ ಒಬ್ಬ ಗೆಳೆಯನನ್ನು ಊರಿಗೆ ಕರೆತಂದಿದ್ದೆ. ಅವನು ಇಂಗ್ಲಿಷ್ ಪುಸ್ತಕ ಓದುವವನು, ಅವನ ಮುಂದೆ ನಾನೂ ಸ್ವಲ್ಪ ಮೇಲೆ ಇದ್ದೀನಿ ಅಂತ ತೋರಿಸಬೇಕಿತ್ತು. ಅಜ್ಜ ಕಟ್ಟೆ ಮೇಲೆ ಕೂತು, ಬೆರಳಿನಿಂದ ಸಾಲು ಹಿಡಿದು, ತುಟಿ ಅಲ್ಲಾಡಿಸುತ್ತಾ ಚಂದಮಾಮ ಓದುತ್ತಿದ್ದ. ಗೆಳೆಯ ನನ್ನ ಕಡೆ ನೋಡಿ ನಕ್ಕ. ನಾನು ಅಜ್ಜನಿಗೆ ಎಲ್ಲರಿಗೂ ಕೇಳೋ ಹಾಗೆ ಹೇಳಿದೆ: "ಅಜ್ಜಾ, ಸಣ್ಣ ಹುಡುಗರ ಪುಸ್ತಕ ಯಾಕ ಓದ್ತೀ? ಮಂದಿ ನಗ್ತಾರ."

ಅಜ್ಜ ಏನೂ ಅನ್ನಲಿಲ್ಲ. ಪುಸ್ತಕ ಮುಚ್ಚಿ, ಧೋತರ ಸರಿ ಮಾಡಿಕೊಂಡು ಒಳಗೆ ಹೋದ. ಆಮೇಲೆ ನಾನು ಊರಿಗೆ ಹೋದಾಗೆಲ್ಲ ಅವನ ಕೈಯಲ್ಲಿ ಚಂದಮಾಮ ಕಾಣಲಿಲ್ಲ. ನನ್ನ ಮುಂದೆ ಉರ್ದು ಪೇಪರ್ ಹಿಡಿದು ಕೂರುತ್ತಿದ್ದ. ಓದೋದು ಬಿಟ್ಟಿದ್ದಾನೆ ಅಂದುಕೊಂಡಿದ್ದೆ.

ಬಿಟ್ಟಿರಲಿಲ್ಲ. ರಟ್ಟು ಹಾಕಿದ ಮೊದಲ ಸಂಚಿಕೆ ಆ ವರ್ಷದ ನವೆಂಬರಿನದು, ಕೊನೆಯದು 2011ರದು. ಅಷ್ಟೂ ವರ್ಷ ಮೊಮ್ಮಗನಿಗೆ ನಾಚಿಕೆ ಆಗಬಾರದು ಅಂತ ಅಜ್ಜ ತನ್ನ ಪುಸ್ತಕಕ್ಕೆ ತಾನೇ ಒಂದು ಗಂಭೀರ ಮುಖಪುಟ ಮಾಡಿಕೊಂಡು ಓದಿದ್ದಾನೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವ್ವನಿಗೆ ಇದನ್ನ ಹೇಳಿದೆ. ರೊಟ್ಟಿ, ಪುಂಡಿಪಲ್ಲೆ ಬಡಿಸುತ್ತಿದ್ದ ಅವ್ವ, "ನಿಂಗ್ ಗೊತ್ತಿಲ್ಲೇನು? ಅವ್ರು ಕನ್ನಡ ಓದ್ಲಿಕ್ಕೆ ಕಲ್ತಿದ್ದೇ ಅದ್ರಾಗ" ಅಂದಳು. ಮೂವತ್ತು ವರ್ಷದಲ್ಲಿ ಈ ಮಾತು ನಾನು ಕೇಳಿಯೇ ಇರಲಿಲ್ಲ. ಕೇಳಬೇಕು ಅಂತ ಯಾವತ್ತೂ ಅನಿಸಿರಲೂ ಇಲ್ಲ.

ಅಜ್ಜ ಶಾಲೆಗೆ ಹೋದ ಕಾಲಕ್ಕೆ ರಾಯಚೂರು ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಶಾಲೆಯಲ್ಲಿ ಕಲಿಸೋದು ಉರ್ದುವಿನಲ್ಲಿ. ಮನೆ ಮಾತು ಕನ್ನಡ, ಅಕ್ಷರ ಮಾತ್ರ ಉರ್ದು. ಏಳನೇ ಜಮಾತಿನ ತನಕ ಓದಿದ ಅಜ್ಜನಿಗೆ ಉರ್ದುವಿನಲ್ಲಿ ಲೆಕ್ಕ, ಪತ್ರ ಎಲ್ಲ ಸಲೀಸು. ತಾನು ಮಾತಾಡೋ ಭಾಷೆಯಲ್ಲಿ ಮಾತ್ರ ತನ್ನ ಹೆಸರು ಬರೆಯೋದಕ್ಕೂ ತಡವರಿಕೆ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ಹೈದರಾಬಾದ್ ಭಾರತಕ್ಕೆ ಸೇರಿತು. ಮರುವರ್ಷ, 1949ರಲ್ಲಿ, ಮದ್ರಾಸಿನಿಂದ ಕನ್ನಡ ಚಂದಮಾಮ ಶುರುವಾಯಿತು. ನಾಗಿರೆಡ್ಡಿ, ಚಕ್ರಪಾಣಿ ಅವರು 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿದ ಪತ್ರಿಕೆ ಅದು. ರಾಯಚೂರು ಇರೋದು ಮದ್ರಾಸ್-ಬೊಂಬಾಯಿ ರೈಲು ದಾರಿಯಲ್ಲಿ. ಅಂಗಡಿ ಕೆಲಸಕ್ಕೆ ರಾಯಚೂರಿಗೆ ಹೋದಾಗ ಹದಿನೇಳು-ಹದಿನೆಂಟರ ಹುಡುಗ ಅಜ್ಜ ಒಂದು ಚಂದಮಾಮ ಕೊಂಡು ತಂದನಂತೆ. ಪ್ರತಿ ಪುಟಕ್ಕೂ ಚಿತ್ರ. ಅಕ್ಷರ ಗೊತ್ತಾಗದೇ ಇದ್ದರೆ ಚಿತ್ರ ನೋಡಿ ಊಹಿಸಿ, ಮತ್ತೆ ಅಕ್ಷರಕ್ಕೆ ಬರೋದು. ಊರಿನ ಮಾಸ್ತರರೊಬ್ಬರು ವರ್ಣಮಾಲೆ ಹೇಳಿಕೊಟ್ಟಿದ್ದರು, ಉಳಿದದ್ದೆಲ್ಲ ರಾಕ್ಷಸರು, ರಾಜಕುಮಾರಿಯರು, ಮಂತ್ರದ ಉಂಗುರಗಳು ಕಲಿಸಿದ್ದು.

ಬೆರಳಿನಿಂದ ಸಾಲು ಹಿಡಿದು ಓದುತ್ತಿದ್ದದ್ದು, ತುಟಿ ಅಲ್ಲಾಡಿಸುತ್ತಿದ್ದದ್ದು, ಅದಕ್ಕೆ.

"ಮತ್ತ ಆಮ್ಯಾಲ ದೊಡ್ಡವರ ಪುಸ್ತಕ ಓದಬಹುದಿತ್ತಲ್ಲ?" ಅಂದೆ. ಅವ್ವ ಹೇಳಿದಳು: "ಓದ್ತಿದ್ರು. ಪೇಪರ್ ಓದ್ತಿದ್ರು, ಕಾದಂಬರಿ ಓದ್ತಿದ್ರು. ಆದ್ರ ಖುಷಿ ಆಗೂದು ಇದ್ರಾಗ ಅಂತಿದ್ರು."

ಆ ರಾತ್ರಿ ಪಡಸಾಲೆಯಲ್ಲೇ ಚಾಪೆ ಹಾಸಿಕೊಂಡು ಓದೋಕೆ ಕೂತೆ. ಹತ್ತು ಗಂಟೆಗೆ ಶುರು ಮಾಡಿದ್ದು, ಎರಡು ಗಂಟೆಗೆ ಕರೆಂಟ್ ಹೋದಾಗ ಮೊಬೈಲ್ ಟಾರ್ಚ್ ಹಾಕಿಕೊಂಡೆ. ಎಷ್ಟೋ ತಿಂಗಳಾದ ಮೇಲೆ ನಾಲ್ಕು ತಾಸು ಒಂದೇ ಸಮ ಏನನ್ನಾದರೂ ಓದಿದ್ದು. ನೋಟಿಫಿಕೇಶನ್ ಕಡೆ ಗಮನವೇ ಹೋಗಲಿಲ್ಲ.

ಹಳೇ ಸಂಚಿಕೆಗಳ ಕೊನೆಯಲ್ಲಿ ಎರಡು ಫೋಟೋ ಕೊಟ್ಟು, ಅವಕ್ಕೆ ಹೊಂದುವ ಶೀರ್ಷಿಕೆ ಬರೆದು ಕಳಿಸಿ ಅಂತ ಒಂದು ಸ್ಪರ್ಧೆ ಇರುತ್ತಿತ್ತು. ಹಲವು ಸಂಚಿಕೆಗಳಲ್ಲಿ ಆ ಫೋಟೋಗಳ ಕೆಳಗೆ ಪೆನ್ಸಿಲಿನಲ್ಲಿ ಅಜ್ಜನ ಕೋಳಿಕಾಲು ಕನ್ನಡ. ಬರೆದು, ಹೊಡೆದುಹಾಕಿ, ಮತ್ತೆ ಬರೆದದ್ದು. ಕಾರ್ಡು ಹಾಕ್ತಿದ್ದನೋ ಇಲ್ಲವೋ ಅಂತ ಅವ್ವನನ್ನ ಕೇಳಿದ್ದಕ್ಕೆ, ಪ್ರತಿ ತಿಂಗಳೂ ಹಾಕ್ತಿದ್ದರು, ಒಮ್ಮೆಯೂ ಬಹುಮಾನ ಬರಲಿಲ್ಲ ಅಂದಳು. ಅವನ ಕೆಲವು ಶೀರ್ಷಿಕೆ ನಿಜಕ್ಕೂ ಚೆನ್ನಾಗಿವೆ, ಮೊಮ್ಮಗ ಅನ್ನೋ ಪಕ್ಷಪಾತ ಬಿಟ್ಟು ಹೇಳ್ತಿದ್ದೀನಿ.

ಬೇತಾಳನ ಕಥೆ ಚಿಕ್ಕವನಿದ್ದಾಗ ನನಗೆ ಸಿಟ್ಟು ತರಿಸುತ್ತಿತ್ತು. ರಾಜ ಮರ ಹತ್ತಿ ಹೆಣ ಇಳಿಸ್ತಾನೆ, ಹೊತ್ತು ನಡೀತಾನೆ. ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳು. ಉತ್ತರ ಹೇಳಿದರೆ ಮೌನ ಮುರಿಯಿತು ಅಂತ ಹೆಣ ಮತ್ತೆ ಮರಕ್ಕೆ. ಮುಂದಿನ ತಿಂಗಳು ಮತ್ತೆ ಅದೇ. ಸಂಸ್ಕೃತದ ಮೂಲದಲ್ಲಿ ಇರೋದು ಇಪ್ಪತ್ತೈದು ಕಥೆ. ಚಂದಮಾಮದವರು ಅದೇ ಚೌಕಟ್ಟಿನಲ್ಲಿ ಹೊಸ ಹೊಸ ಕಥೆ ಕಟ್ಟಿ ದಶಕಗಟ್ಟಲೆ ನಡೆಸಿದರು. 'ಛಲ ಬಿಡದ ತ್ರಿವಿಕ್ರಮ' ಅನ್ನೋದು ನಮ್ಮಲ್ಲಿ ಗಾದೆಯೇ ಆಗಿಹೋಯಿತು.

ಈಗ ಓದಿದರೆ ಅದು ನನ್ನದೇ ಕೆಲಸದ ವರ್ಣನೆ. ರಾತ್ರಿ ಆನ್-ಕಾಲ್ ಡ್ಯೂಟಿ ಮಾಡಿದವರಿಗೆ ಗೊತ್ತು. ಟಿಕೆಟ್ ಕ್ಲೋಸ್ ಮಾಡಿ ಮಲಗೋಕೆ ಹೋದರೆ ಮತ್ತೆ ಓಪನ್. ಮರ ಅದೇ, ಹೆಣ ಅದೇ, ಹೆಗಲು ನಮ್ಮದೇ. ರಾಜನಿಗೆ ಬೇಜಾರಾಗಲ್ವಾ ಅಂತ ನಾನು ಚಿಕ್ಕವನಿದ್ದಾಗ ಕೇಳುತ್ತಿದ್ದೆ. ಈಗ ಕೇಳಲ್ಲ. ಮರದ ಕಡೆ ಹೊರಳಿ ಹೋಗುವಾಗ ಅವನು ಒಂದು ಮಾತೂ ಗೊಣಗೋದಿಲ್ಲ ಅನ್ನೋದನ್ನ ಮಾತ್ರ ಬೆರಗಿನಿಂದ ನೋಡ್ತೀನಿ.

ದೊಡ್ಡವರಾದ ಮೇಲೆ ಮಕ್ಕಳ ಮಾಯಾಕಥೆ ಓದೋದು ಬಾಲ್ಯಕ್ಕೆ ಮರಳಿದ ಹಾಗೆ ಅಂತ ಹೇಳ್ತಾರಲ್ಲ, ನನ್ನ ಅನುಭವ ಹಾಗಿಲ್ಲ. ಬಾಲ್ಯದಲ್ಲಿ ನಾನು ಓದಿದ್ದು ಬರೀ 'ಮುಂದೇನಾಯ್ತು' ಅಷ್ಟೇ. ರಾಕ್ಷಸ ಯಾಕೆ ಜೀವವನ್ನ ಗಿಳಿಯಲ್ಲಿ ಬಚ್ಚಿಟ್ಟ ಅನ್ನೋದು ಅರ್ಥ ಆಗೋಕೆ, ನಮಗೂ ಬಚ್ಚಿಡೋಕೆ ಏನಾದರೂ ಇರಬೇಕು. ಆ ಕಥೆಗಳನ್ನ ಬರೆದವರಾದರೂ ದೊಡ್ಡವರೇ ತಾನೇ. ಚಂದಮಾಮವನ್ನ ದಶಕಗಳ ಕಾಲ ತಿದ್ದಿ ರೂಪಿಸಿದವರು ತೆಲುಗಿನ ದೊಡ್ಡ ಲೇಖಕ ಕೊಡವಟಿಗಂಟಿ ಕುಟುಂಬರಾವ್. ನಮ್ಮಲ್ಲಿ ಕುವೆಂಪು ಅವರಂಥವರು ಬ್ರೌನಿಂಗ್ ಕವನವನ್ನ ಬೊಮ್ಮನಹಳ್ಳಿಗೆ ತಂದು ಕಿಂದರಿಜೋಗಿ ಮಾಡಿದರು. ನಾ. ಕಸ್ತೂರಿ ಅವರು ಆಲಿಸ್ ಅನ್ನೋ ಇಂಗ್ಲಿಷ್ ಹುಡುಗಿಯನ್ನ 'ಪಾತಾಳದಲ್ಲಿ ಪಾಪಚ್ಚಿ' ಮಾಡಿದರು. ಆ ಹೆಸರು ಇಡುವಾಗ ಅವರಿಗೆಷ್ಟು ಮಜಾ ಬಂದಿರಬೇಕು! ಇವರು ಯಾರೂ ಮುಖಪುಟ ಮುಚ್ಚಿಕೊಳ್ಳಲಿಲ್ಲ.

"ರಾಜ ಸುಮ್ನೆ ಯಾಕ ಇರಬಾರ್ದು ಅಜ್ಜಾ? ಗೊತ್ತಿಲ್ಲ ಅಂದ್ರಾತು" ಅಂತ ಐದಾರು ವರ್ಷದವನಿದ್ದಾಗ ಕೇಳಿದ್ದೆ. ಅಜ್ಜ ಹೇಳಿದ್ದು ಈಗಲೂ ನೆನಪಿದೆ: "ಗೊತ್ತಿದ್ದೂ ಸುಮ್ಮನಿದ್ರ ತಲಿ ಒಡೀತದಪ." ಆಗ ಅದು ಬೇತಾಳನ ಶಾಪದ ವಿಷಯ ಅಷ್ಟೇ ಆಗಿತ್ತು.

2007ರ ಆ ದಿನ, ಗೆಳೆಯ ಮಲಗಿದ ಮೇಲೆ, ಅಜ್ಜನ ಹತ್ತಿರ ಹೋಗಿ ಒಂದು ಮಾತು ಹೇಳಬೇಕು ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. ಮರುದಿನ ಹೇಳೋಣ ಅಂದುಕೊಂಡೆ. ಆಮೇಲೆ ಪಿಯುಸಿ, ಸಿಇಟಿ, ಬೆಂಗಳೂರು. 2014ರಲ್ಲಿ, ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ, ಅಜ್ಜ ಹೋದ. ಅರ್ಥ್‌ಸೀ ಪುಸ್ತಕದ ಹುಡುಗ ಗೆಳೆಯರ ಮುಂದೆ ದೊಡ್ಡವನಾಗೋಕೆ ಹೋಗಿ ನೆರಳನ್ನ ಬಿಟ್ಟುಕೊಂಡ ಪುಟಗಳನ್ನ ನಾನು ಮೆಟ್ರೋದಲ್ಲಿ ಎರಡೆರಡು ಸಲ ಓದಿದ್ದು ಯಾಕೆ ಅಂತ ಈಗ ನಿಮಗೆ ಗೊತ್ತಾಗಿರಬಹುದು.

ಭಾನುವಾರ ಟ್ರಂಕನ್ನು ಅವ್ವನ ಕೋಣೆಗೆ ಸರಿಸಿ, ಏಳೆಂಟು ಸಂಚಿಕೆ ಬ್ಯಾಗಿಗೆ ಹಾಕಿಕೊಂಡು ರಾಯಚೂರಿನ ಅಕ್ಕನ ಮನೆಗೆ ಹೋದೆ. ರಾತ್ರಿ ಬಸ್ಸು ಅಲ್ಲಿಂದಲೇ. ಸಂಜೆ ಅಕ್ಕನ ಮಗಳನ್ನ ಕರಕೊಂಡು ಕೋಟೆಗೆ ಹೋದೆವು. ಬಸ್ ನಿಲ್ದಾಣದ ಹತ್ತಿರದಲ್ಲೇ ಇರುವ ಈ ಕೋಟೆಯನ್ನ ಊರಿನವರು ನೋಡೋದು ಕಡಿಮೆ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಆದಿಲ್‌ಶಾಹಿಯ ಜೊತೆ ಯುದ್ಧ ಮಾಡಿದ್ದು ಇದಕ್ಕೋಸ್ಕರ. ನನಗೆ ಆಸಕ್ತಿ ಇರೋದು ಯುದ್ಧದಲ್ಲಲ್ಲ, ಗೋಡೆಯಲ್ಲಿರೋ ಒಂದೇ ಒಂದು ಕಲ್ಲಿನಲ್ಲಿ. ಉದ್ದ ಸುಮಾರು 41 ಅಡಿ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಈ ಕೋಟೆ ಕಟ್ಟಿದ್ದನ್ನು ಹೇಳುವ ಶಾಸನ ಅದರ ಮೇಲಿದೆ. ಆ ದೈತ್ಯ ಕಲ್ಲನ್ನು ಗಾಡಿ ಮೇಲೆ ಹೇರಿ, ಸಾಲು ಸಾಲು ಜಾನುವಾರು ಹೂಡಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ.

"ನಿಜವಾಗ್ಲೂ ಇಷ್ಟು ದೊಡ್ಡದು ತಂದ್ರಾ?" ಅಂದಳು. ಮಾಯಾಕಥೆಯಲ್ಲಿ ಬಂದಿದ್ದರೆ ಇಬ್ಬರೂ ನಂಬುತ್ತಿರಲಿಲ್ಲ.

ಕಲ್ಲಿನ ಎದುರು ಕೂತು ಅವಳಿಗೊಂದು ಹಳೇ ಬೇತಾಳ ಕಥೆ ಹೇಳಿದೆ. ಒಬ್ಬ ಹುಡುಗಿ, ಮೂವರು ಅವಳನ್ನ ಮದುವೆಯಾಗಬೇಕು ಅಂದುಕೊಂಡವರು. ಹುಡುಗಿ ಸತ್ತುಹೋಗ್ತಾಳೆ. ಒಬ್ಬ ಅವಳ ಬೂದಿಯ ಮೇಲೇ ಮಲಗಿ ಸ್ಮಶಾನದಲ್ಲಿ ಉಳೀತಾನೆ, ಒಬ್ಬ ಮೂಳೆಗಳನ್ನ ಗಂಗೆಗೆ ಒಯ್ತಾನೆ, ಒಬ್ಬ ಊರೂರು ಅಲೆದು ಸತ್ತವರನ್ನ ಬದುಕಿಸೋ ಮಂತ್ರ ತರ್ತಾನೆ. ಹುಡುಗಿ ಬದುಕಿ ಬರ್ತಾಳೆ. ಈಗ ಅವಳು ಯಾರ ಹೆಂಡತಿ? ಜೀವ ಕೊಟ್ಟವನು ತಂದೆಗೆ ಸಮ, ಮೂಳೆ ಒಯ್ದವನು ಮಗನಿಗೆ ಸಮ, ಬೂದಿಯನ್ನೂ ಬಿಡದೆ ಮಲಗಿದವನೇ ಗಂಡ ಅನ್ನೋದು ರಾಜನ ಉತ್ತರ. ಅದನ್ನ ಹೇಳೋ ಮೊದಲು ಬೇತಾಳನ ಹಾಗೆ ನಿಲ್ಲಿಸಿ ಅವಳನ್ನ ಕೇಳಿದೆ.

"ಆ ಹುಡುಗಿನ್ನ ಯಾರೂ ಕೇಳಲೇ ಇಲ್ವಾ ಮಾಮಾ?" ಅಂದಳು.

ರಾಜನಿಗೂ ಹೊಳೆಯದ ಮಾತು. ನಾನು ಉತ್ತರ ಹೇಳೋದನ್ನ ಅಲ್ಲಿಗೇ ಬಿಟ್ಟೆ. ಒಂದು ಚಂದಮಾಮ ಅವಳ ಕೈಗೆ ಕೊಟ್ಟೆ. ಅವಳದು ಇಂಗ್ಲಿಷ್ ಮೀಡಿಯಂ, ಕನ್ನಡ ಓದೋದು ನಿಧಾನ. ರಸ್ತೆಯ ಸದ್ದಿನ ನಡುವೆ, ಬೆರಳಿನಿಂದ ಸಾಲು ಹಿಡಿದು, ತುಟಿ ಅಲ್ಲಾಡಿಸುತ್ತಾ, ಒತ್ತಕ್ಷರ ಬಂದಲ್ಲಿ ನಿಂತು ಚಿತ್ರ ನೋಡಿ ಮತ್ತೆ ಮುಂದಕ್ಕೆ ಹೋಗುತ್ತಿದ್ದಳು. ನಾನು ಸ್ವಲ್ಪ ಹೊತ್ತು ಆ ಕಡೆ ತಿರುಗಿ ಕೋಟೆ ಗೋಡೆ ನೋಡುತ್ತಾ ಕೂತೆ.

ಆ ರಾತ್ರಿ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಅರವತ್ತು ದಾಟಿದ ಒಬ್ಬರು ಬಂದು ಕೂತರು. ಬಿಳಿ ಪೈಜಾಮ, ಕೈಯಲ್ಲಿ ಆಸ್ಪತ್ರೆ ಫೈಲು. ಲೈಟ್ ಆರಿಸೋ ತನಕ ಓದೋಣ ಅಂತ ನಾನು ಬ್ಯಾಗಿನಿಂದ ಒಂದು ಸಂಚಿಕೆ ತೆಗೆದೆ. ಅವರು ರಟ್ಟಿನ ಮೇಲಿನ ಶಾಯಿಯನ್ನ ಬಗ್ಗಿ ಓದಿದರು.

"ಹಿಸಾಬ್! ಇಷ್ಟ್ ಹಳೇದು ಏನ್ ಹಿಸಾಬ್ ರೀ?"

ಒಂದು ಕ್ಷಣ ಸುಮ್ಮನಿದ್ದೆ. ಆಮೇಲೆ ಉರ್ದು ಪೇಪರಿನ ರಟ್ಟು ಬಿಚ್ಚಿ ಮಡಚಿ ಜೇಬಿಗೆ ಇಟ್ಟುಕೊಂಡು, ಬಣ್ಣದ ಮುಖಪುಟವನ್ನ ಅವರ ಕಡೆ ತಿರುಗಿಸಿದೆ. "ಚಂದಮಾಮ ರೀ. ನಮ್ಮಜ್ಜಂದು. ನಾ ಓದ್ಲಿಕ್ಕತ್ತೀನಿ."

ಅವರು ಪುಟ ಸರಿಸಿ, ಹೆಣ ಹೊತ್ತ ರಾಜನ ಚಿತ್ರ ಬಂದಲ್ಲಿ ನಿಂತರು. ಫೈಲನ್ನ ಸೀಟಿನ ಸಂದಿಗೆ ಸಿಕ್ಕಿಸಿ, ಕನ್ನಡಕ ಹುಡುಕೋಕೆ ಶುರು ಮಾಡಿದರು.

"ನಿಮ್ದು ಆದ ಮ್ಯಾಲ ಕೊಡ್ರಿ" ಅಂದರು. "ಬಳ್ಳಾರಿ ತನಕ ನಂಗ ನಿದ್ದಿ ಬರಂಗಿಲ್ಲ."